ಒಂದು ಚೆಂಡು, ಇಬ್ಬರು ಓಟಗಾರರು: ಹೆಂಡರ್ಸನ್ ಮತ್ತು ಜಡ್ಕಿನ್ಸ್‌ರನ್ನು ಹೇಗೆ ಅಳೆಯಬೇಕು?

2025ರ ಜನವರಿ 20, ಸೋಮವಾರ ರಾತ್ರಿ. ಅಟ್ಲಾಂಟಾದ ಮರ್ಸಿಡಿಸ್ ಬೆಂಜ್ ಸ್ಟೇಡಿಯಂ. ಅಮೆರಿಕದ ಕಾಲೇಜು ಫುಟ್‌ಬಾಲ್ ಫೈನಲ್ ಶುರುವಾದಾಗ ನಮ್ಮಲ್ಲಿ ಮಂಗಳವಾರ ಬೆಳಗಿನ ಆರು ಗಂಟೆ. ಅರ್ಧ ಆಟ ಮುಗಿಯುವ ಹೊತ್ತಿಗೆ ಓಹಾಯೊ ಸ್ಟೇಟ್ 21, ನೋಟರ್ ಡೇಮ್ 7. ಎರಡನೇ ಅರ್ಧ ಈಗಷ್ಟೇ ಶುರುವಾಗಿದೆ. ಓಹಾಯೊ ಸ್ಟೇಟ್‌ನ ಕ್ವಿನ್‌ಶಾನ್ ಜಡ್ಕಿನ್ಸ್ ಕೈಗೆ ಚೆಂಡು ಬಂತು. ಲೈನ್ ದಾಟಿದರು, ಮುಂದೆ ಬಯಲು ಕಂಡಿತು, ಓಡಿದರು. 70 ಯಾರ್ಡ್. ಗೋಲಿನ ಗೆರೆ ಹತ್ತಿರ ಅವರನ್ನು ಹಿಡಿದು ಬೀಳಿಸಿದರು. ಆದರೆ ಸ್ವಲ್ಪ ಹೊತ್ತಿಗೆ ಅವರೇ ಒಂದು ಯಾರ್ಡ್ ದೂರದಿಂದ ನುಗ್ಗಿ, ಚೆಂಡನ್ನು ಗೋಲಿನ ಗೆರೆ ದಾಟಿಸಿ ಟಚ್‌ಡೌನ್ ಮಾಡಿದರು. 28-7.

ಆ ರಾತ್ರಿ ಜಡ್ಕಿನ್ಸ್ 11 ಸಲ ಓಡಿ 100 ಯಾರ್ಡ್ ಗಳಿಸಿದರು. ಓಟದಲ್ಲಿ ಎರಡು ಟಚ್‌ಡೌನ್, ಪಾಸ್ ಹಿಡಿದು ಒಂದು. ಓಹಾಯೊ ಸ್ಟೇಟ್ 34-23ರಿಂದ ಗೆದ್ದು ಚಾಂಪಿಯನ್ ಆಯಿತು.

ಈಗ ಆ 70 ಯಾರ್ಡಿನ ಒಂದು ಓಟವನ್ನು ಪಕ್ಕಕ್ಕಿಡಿ. ಉಳಿದದ್ದು 10 ಓಟ, 30 ಯಾರ್ಡ್. ಸರಾಸರಿ ಬರೀ ಮೂರು. ಹಾಗಾದರೆ ಜಡ್ಕಿನ್ಸ್ ಅವತ್ತು ಚೆನ್ನಾಗಿ ಆಡಿದರಾ, ಇಲ್ಲವಾ? ಚೆನ್ನಾಗಿಯೇ ಆಡಿದರು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಅದನ್ನು ಬರೀ ಅಂಕಿಯಿಂದ ತೋರಿಸಲು ಹೋದರೆ ಸಿಕ್ಕಿಹಾಕಿಕೊಳ್ಳುತ್ತೇವೆ. 2024ರ ಓಹಾಯೊ ಸ್ಟೇಟ್ ತಂಡದ ಇಬ್ಬರು ರನ್ನಿಂಗ್ ಬ್ಯಾಕ್‌ಗಳನ್ನು, ಅಂದರೆ ಟ್ರೆವಿಯೊನ್ ಹೆಂಡರ್ಸನ್ ಮತ್ತು ಜಡ್ಕಿನ್ಸ್ ಅವರನ್ನು ಹೋಲಿಸುವಾಗ ಆಗುವ ಕಷ್ಟವೂ ಇದೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಒಂದೊಂದು ಅವಕಾಶಕ್ಕೂ ಡೌನ್ ಅಂತ ಹೆಸರು. ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಅವನು ಅದನ್ನು ದೂರ ಎಸೆಯಬಹುದು (ಇದೇ ಪಾಸ್), ಇಲ್ಲವೇ ಪಕ್ಕದಲ್ಲಿ ನಿಂತ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಇಬ್ಬರ ಮುಂದೆಯೂ ಐದು ಜನ ದೊಡ್ಡ ಆಳುಗಳು ಸಾಲಾಗಿ ಇರುತ್ತಾರೆ. ಅದೇ ಆಫೆನ್ಸಿವ್ ಲೈನ್. ಎದುರಾಳಿಗಳನ್ನು ತಳ್ಳಿ ದಾರಿ ಮಾಡಿಕೊಡುವುದು ಅವರ ಕೆಲಸ. ಆ ದಾರಿ ಒಂದು ಸೆಕೆಂಡು ಇರುತ್ತದೆ, ಕೆಲವೊಮ್ಮೆ ಅಷ್ಟೂ ಇರುವುದಿಲ್ಲ.

ಕಬಡ್ಡಿ ನೋಡಿದವರಿಗೆ ರನ್ನಿಂಗ್ ಬ್ಯಾಕ್ ಕೆಲಸ ಬೇಗ ಅರ್ಥವಾಗುತ್ತದೆ. ರೈಡಿಗೆ ಹೋದವನು ಮುಟ್ಟಿ ಮಿಂಚಿನ ಹಾಗೆ ವಾಪಸ್ ಬರುವುದು ಒಂದು ಬಗೆ. ನಾಲ್ಕು ಜನ ಕಾಲಿಗೆ, ಸೊಂಟಕ್ಕೆ ಬಿದ್ದ ಮೇಲೂ ಎಲ್ಲರನ್ನೂ ಎಳೆದುಕೊಂಡು ಗೆರೆ ಮುಟ್ಟುವುದು ಇನ್ನೊಂದು ಬಗೆ. ಎರಡಕ್ಕೂ ಪಾಯಿಂಟ್ ಇದೆ. ಹೆಂಡರ್ಸನ್ ಮೊದಲನೇ ಬಗೆಯವರು, ಜಡ್ಕಿನ್ಸ್ ಎರಡನೇ ಬಗೆಯವರು. ಇದು ಸ್ವಲ್ಪ ಸ್ಥೂಲವಾಗಿ ಹೇಳಿದ ಮಾತು, ಮುಂದೆ ತಿದ್ದುತ್ತೇನೆ.

ಇಬ್ಬರೂ ಬಂದ ದಾರಿ

ಹೆಂಡರ್ಸನ್ ವರ್ಜೀನಿಯಾದ ಹೋಪ್‌ವೆಲ್ ಊರಿನವರು. 2021ರಲ್ಲಿ ಓಹಾಯೊ ಸ್ಟೇಟ್ ಸೇರಿದರು. ಮೊದಲ ವರ್ಷದ ಮೂರನೇ ಪಂದ್ಯದಲ್ಲೇ ಟಲ್ಸಾ ವಿರುದ್ಧ 277 ಯಾರ್ಡ್ ಓಡಿದರು. ಅಲ್ಲಿ ಮೊದಲ ವರ್ಷದ ಹುಡುಗನೊಬ್ಬ ಒಂದೇ ಪಂದ್ಯದಲ್ಲಿ ಓಡಿದ ದಾಖಲೆ ಅಲ್ಲಿಯವರೆಗೆ ಆರ್ಚಿ ಗ್ರಿಫಿನ್ ಹೆಸರಲ್ಲಿತ್ತು: 1972ರಲ್ಲಿ 239 ಯಾರ್ಡ್. ಗ್ರಿಫಿನ್ ಅಂದರೆ ಸಾಮಾನ್ಯರಲ್ಲ. ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿ ಹೈಸ್ಮನ್ ಟ್ರೋಫಿಯನ್ನು ಎರಡು ಸಲ ಗೆದ್ದವರು ಇವತ್ತಿಗೂ ಅವರೊಬ್ಬರೇ. ಆ ವರ್ಷ ಹೆಂಡರ್ಸನ್ 1,248 ಯಾರ್ಡ್ ಓಡಿದರು. ಇನ್ನೆರಡು ವರ್ಷದಲ್ಲಿ ಈ ಹುಡುಗ ದೇಶದ ನಂಬರ್ ಒನ್ ಆಗುತ್ತಾನೆ ಅಂತ ಎಲ್ಲರೂ ಅಂದುಕೊಂಡರು.

ಹಾಗೆ ಆಗಲಿಲ್ಲ. 2022ರಲ್ಲಿ ಪಾದದ ಗಾಯ. ಆ ವರ್ಷ ಬರೀ 571 ಯಾರ್ಡ್. 2023ರಲ್ಲೂ ಕೆಲವು ಪಂದ್ಯ ತಪ್ಪಿ 926ಕ್ಕೆ ನಿಂತರು.

ಜಡ್ಕಿನ್ಸ್ ಅಲಬಾಮಾದ ಪೈಕ್ ರೋಡ್ ಎಂಬ ಊರಿನವರು. ಮೊದಲು ಸೇರಿದ್ದು ಮಿಸಿಸಿಪ್ಪಿಯ ಓಲ್ ಮಿಸ್ ತಂಡಕ್ಕೆ. 2022ರಲ್ಲಿ, ಮೊದಲ ವರ್ಷವೇ, 274 ಓಟ, 1,567 ಯಾರ್ಡ್, 16 ಟಚ್‌ಡೌನ್. ಮರುವರ್ಷ 271 ಓಟ, 1,158 ಯಾರ್ಡ್, 15 ಟಚ್‌ಡೌನ್. ಈ ಎರಡು ವರ್ಷದ ನಡುವೆ ಒಂದು ಸಂಗತಿ ಅಡಗಿದೆ. ಓಟಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ. ಆದರೆ ಒಂದು ಓಟದ ಸರಾಸರಿ 5.7ರಿಂದ 4.3ಕ್ಕೆ ಇಳಿಯಿತು. ಪ್ರತಿ ವಾರ 21 ಸಲ ಚೆಂಡು ಹಿಡಿದು ಗುಂಪಿಗೆ ನುಗ್ಗುವುದು ಅಂದರೆ ಸುಮ್ನೆ ಅಲ್ಲ. ಹತ್ತೊಂಬತ್ತು, ಇಪ್ಪತ್ತು ವಯಸ್ಸಿನ ಹುಡುಗನ ಮೈಮೇಲೆ 120, 130 ಕೆಜಿಯವರು ಬಂದು ಬೀಳುತ್ತಾರೆ. ಇಳಿಕೆಗೆ ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮುಂದಿರುವ ಲೈನ್ ಬದಲಾಗುತ್ತದೆ, ಎದುರಾಳಿಗಳು ಅವನ ಓಟ ಓದಿಕೊಂಡು ಬರುತ್ತಾರೆ. ಆದರೂ ಆ ಹೊರೆಯನ್ನು ಲೆಕ್ಕಕ್ಕೆ ಹಿಡಿಯದೆ ಆ ವರ್ಷವನ್ನು ಅಳೆಯಲಾಗದು.

2024ರ ಜನವರಿಯಲ್ಲಿ ಎರಡು ಸುದ್ದಿ ಬಂದವು. ವೃತ್ತಿಪರ ಎನ್‌ಎಫ್‌ಎಲ್‌ಗೆ ಹೋಗಬಹುದಾಗಿದ್ದ ಹೆಂಡರ್ಸನ್ ಇನ್ನೊಂದು ವರ್ಷ ಕಾಲೇಜಿನಲ್ಲೇ ಆಡುತ್ತೇನೆ ಅಂದರು. ಜಡ್ಕಿನ್ಸ್ ಓಲ್ ಮಿಸ್ ಬಿಟ್ಟು ಅದೇ ಓಹಾಯೊ ಸ್ಟೇಟ್ ಸೇರಿದರು. ಎರಡು ತಂಡಗಳ ಮೊದಲನೇ ಆಯ್ಕೆಯ ಓಟಗಾರರು ಈಗ ಒಂದೇ ತಂಡದಲ್ಲಿ. ಚೆಂಡು ಮಾತ್ರ ಒಂದೇ.

ಆಗಿನಿಂದಲೇ ಶುರುವಾಯಿತು, ಇಬ್ಬರಲ್ಲಿ ಯಾರು ಜಾಸ್ತಿ ಒಳ್ಳೆಯವರು ಅಂತ.

ಅಂಕಿ ಹೇಳುವುದು, ಹೇಳದಿರುವುದು

2024ರ ಲೆಕ್ಕ ಹೀಗಿದೆ. ಜಡ್ಕಿನ್ಸ್: 194 ಓಟ, 1,060 ಯಾರ್ಡ್, 14 ಟಚ್‌ಡೌನ್, ಸರಾಸರಿ 5.5. ಹೆಂಡರ್ಸನ್: 144 ಓಟ, 1,016 ಯಾರ್ಡ್, 10 ಟಚ್‌ಡೌನ್, ಸರಾಸರಿ 7.1.

ಮೇಲ್ನೋಟಕ್ಕೆ ತೀರ್ಪು ಸುಲಭ ಅನಿಸುತ್ತದೆ ಅಲ್ವಾ? 50 ಓಟ ಕಡಿಮೆ ಸಿಕ್ಕಿದರೂ ಹೆಂಡರ್ಸನ್ ಬರೀ 44 ಯಾರ್ಡ್ ಹಿಂದೆ. ಹಾಗಾದರೆ ಅವರಿಗೇ ಜಾಸ್ತಿ ಚೆಂಡು ಕೊಡಬೇಕಿತ್ತು ಅಂತ ಸೀಸನ್ ಉದ್ದಕ್ಕೂ ಎಷ್ಟೋ ಅಭಿಮಾನಿಗಳು ವಾದ ಮಾಡಿದರು. ನಾನೂ ಅಕ್ಟೋಬರ್‌ವರೆಗೆ ಹಾಗೇ ಅಂದುಕೊಂಡಿದ್ದೆ. ಪಂದ್ಯಗಳನ್ನು ಮತ್ತೆ ಹಾಕಿ, ಯಾರನ್ನು ಯಾವಾಗ ಕಳಿಸುತ್ತಾರೆ ಅಂತ ಗಮನಿಸಿದ ಮೇಲೆ ನನ್ನ ಲೆಕ್ಕ ಬದಲಾಯಿತು.

ಗೋಲಿನ ಗೆರೆಗೆ ಒಂದು ಯಾರ್ಡ್ ಉಳಿದಿದೆ ಅಂದುಕೊಳ್ಳಿ. ಅಲ್ಲಿಂದ ಎಷ್ಟೇ ಚೆನ್ನಾಗಿ ಓಡಿದರೂ ಸಿಗುವುದು ಒಂದೇ ಯಾರ್ಡ್. ಅದಕ್ಕಿಂತ ಜಾಸ್ತಿ ಜಾಗವೇ ಇಲ್ಲ. ಆ ಒಂದು ಯಾರ್ಡಿಗಾಗಿ ಎದುರಾಳಿಗಳ ಹನ್ನೊಂದು ಜನವೂ ಒಂದೇ ಕಡೆ ಜಮಾಯಿಸಿರುತ್ತಾರೆ. ಮೂರನೇ ಡೌನ್, ಬೇಕಿರುವುದು ಎರಡು ಯಾರ್ಡ್ ಅನ್ನುವಾಗಲೂ ಅದೇ ಕಥೆ. ಇಂಥ ಕಡೆ ಜಾಸ್ತಿ ಹೋಗುತ್ತಿದ್ದವರು ಜಡ್ಕಿನ್ಸ್. ಅಲ್ಲಿ ಎರಡು ಯಾರ್ಡ್ ಗಳಿಸಿದರೆ ಅದು ಪೂರಾ ಗೆಲುವು. ಆದರೆ ಅದು ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ಮೈದಾನದ ಮಧ್ಯದಲ್ಲಿ, ಎದುರಾಳಿ ಪಾಸ್ ಬರಬಹುದೆಂದು ಹಿಂದೆ ಸರಿದು ನಿಂತಾಗ ಚೆಂಡು ಹೆಂಡರ್ಸನ್‌ಗೆ ಬರುವುದು ಜಾಸ್ತಿ. ಅಲ್ಲಿ ಬಯಲಿದೆ, ಓಡಲು ಜಾಗವಿದೆ.

ಅಂದರೆ 5.5 ಮತ್ತು 7.1 ಅನ್ನುವುದು ಅರ್ಧ ಅವರವರ ಕೈಚಳಕದ ಲೆಕ್ಕ, ಇನ್ನರ್ಧ ಕೋಚ್ ಹಂಚಿದ ಕೆಲಸದ ಲೆಕ್ಕ. ಇದನ್ನು ಬಿಡಿಸಿ ನೋಡದೆ ಮಾಡುವ ಹೋಲಿಕೆ ನಿಲ್ಲುವುದಿಲ್ಲ.

ಮೈಕಟ್ಟಿನಲ್ಲೂ ಈ ಹಂಚಿಕೆ ಕಾಣುತ್ತದೆ. ಎನ್‌ಎಫ್‌ಎಲ್ ಆಯ್ಕೆಗೆ ಮೊದಲು ಅಳತೆ ಮಾಡಿದಾಗ ಜಡ್ಕಿನ್ಸ್ ಆರು ಅಡಿ, 221 ಪೌಂಡ್, ಅಂದರೆ ಸುಮಾರು 100 ಕೆಜಿ. ಹೆಂಡರ್ಸನ್ ಐದು ಅಡಿ ಹತ್ತು ಇಂಚು, 202 ಪೌಂಡ್, ಸುಮಾರು 92 ಕೆಜಿ. 40 ಯಾರ್ಡ್ ಓಟಕ್ಕೆ ಹೆಂಡರ್ಸನ್ ತೆಗೆದುಕೊಂಡದ್ದು 4.43 ಸೆಕೆಂಡು, ಜಡ್ಕಿನ್ಸ್ 4.48. ಆ ವ್ಯತ್ಯಾಸ ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಎಂಟು ಕೆಜಿ ಜಾಸ್ತಿ ಹೊತ್ತುಕೊಂಡು ಅಷ್ಟೇ ಜೋರಾಗಿ ಓಡುವವನನ್ನು ಬರೀ ನುಗ್ಗುವವನು ಅಂತ ಕರೆಯಲಾಗದು. ಅಟ್ಲಾಂಟಾದ ಆ 70 ಯಾರ್ಡ್ ಅದಕ್ಕೆ ಸಾಕ್ಷಿ. ಮೇಲೆ ಸ್ಥೂಲವಾಗಿ ಹೇಳಿದ್ದನ್ನು ತಿದ್ದುತ್ತೇನೆ ಅಂದದ್ದು ಇದಕ್ಕೇ.

ಬಲಿಪಾಡ್ಯಮಿಯ ರಾತ್ರಿ

ಜಡ್ಕಿನ್ಸ್ ಬೆಲೆ ನನಗೆ ಸರಿಯಾಗಿ ತಿಳಿದದ್ದು 2024ರ ನವೆಂಬರ್ 2ರಂದು. ನಮ್ಮಲ್ಲಿ ಅವತ್ತು ಬಲಿಪಾಡ್ಯಮಿ. ಅಲ್ಲಿ ಶನಿವಾರ ಮಧ್ಯಾಹ್ನ, ಇಲ್ಲಿ ರಾತ್ರಿ ಒಂಬತ್ತೂವರೆ. ಓಹಾಯೊ ಸ್ಟೇಟ್ ಆಡುತ್ತಿದ್ದದ್ದು ಪೆನ್ ಸ್ಟೇಟ್ ಅಂಗಳದಲ್ಲಿ. ಬೀವರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ.

ಕೊನೆಯ ಕಾಲುಭಾಗ. ಓಹಾಯೊ ಸ್ಟೇಟ್ 20, ಪೆನ್ ಸ್ಟೇಟ್ 13. ಪೆನ್ ಸ್ಟೇಟ್ ಗೋಲಿನ ಬಾಗಿಲಿಗೆ ಬಂದು ನಾಲ್ಕನೇ ಡೌನಿನಲ್ಲೂ ಒಳಗೆ ಹೋಗಲಾಗದೆ ನಿಂತಿತು. ಚೆಂಡು ಓಹಾಯೊ ಸ್ಟೇಟ್‌ಗೆ ಬಂತು. ಆದರೆ ಎಲ್ಲಿ? ತನ್ನದೇ ಗೋಲಿನಿಂದ ಒಂದು ಯಾರ್ಡ್ ದೂರದಲ್ಲಿ. ಉಳಿದ ಸಮಯ 5 ನಿಮಿಷ 13 ಸೆಕೆಂಡು.

ಇದು ಎಂಥ ಇಕ್ಕಟ್ಟು ಅಂದರೆ, ಒಂದು ಹೆಜ್ಜೆ ಹಿಂದೆ ಬಿದ್ದರೂ ಎದುರಾಳಿಗೆ ಎರಡು ಅಂಕ, ಜೊತೆಗೆ ಚೆಂಡೂ ಅವರಿಗೇ. ಮೂರು ಅವಕಾಶದಲ್ಲಿ ಹತ್ತು ಯಾರ್ಡ್ ಹೋಗದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ಗೋಲಿನ ಒಳಗಿಂದಲೇ ದೂರ ಒದ್ದು ಎದುರಾಳಿಗೆ ಬಿಡಬೇಕು. ಪಾಸ್ ಮಾಡಲು ಹೋಗಿ ಚೆಂಡು ಎದುರಾಳಿ ಕೈಗೆ ಸಿಕ್ಕು ಟಚ್‌ಡೌನ್ ಆದರೆ ಪಂದ್ಯವೇ ಸಮ. ಎಡಗಡೆಯ ಟ್ಯಾಕಲ್, ಅಂದರೆ ಲೈನಿನ ಎಡತುದಿಯ ಆಳು ಜೋಶ್ ಸಿಮನ್ಸ್ ಅಕ್ಟೋಬರ್‌ನಲ್ಲೇ ಆರೆಗನ್ ಪಂದ್ಯದಲ್ಲಿ ಗಾಯಗೊಂಡು ಹೊರಗಿದ್ದರು. ಅದರ ಪಕ್ಕದಲ್ಲಿ ಗಾರ್ಡ್ ಆಗಿ ಆಡುತ್ತಿದ್ದ ಡಾನೊವನ್ ಜ್ಯಾಕ್ಸನ್ ಆ ಜಾಗಕ್ಕೆ ಹೋಗಿ ನಿಂತಿದ್ದರು.

ಓಹಾಯೊ ಸ್ಟೇಟ್ ಅಲ್ಲಿಂದ ಒಂದೇ ಒಂದು ಪಾಸ್ ಮಾಡಲಿಲ್ಲ. ಬರೀ ಓಟ. ಜಡ್ಕಿನ್ಸ್ ಮಧ್ಯಕ್ಕೆ ನುಗ್ಗುತ್ತಾರೆ, ನಾಲ್ಕೈದು ಯಾರ್ಡ್. ಮತ್ತೆ ನುಗ್ಗುತ್ತಾರೆ. ಕ್ವಾರ್ಟರ್‌ಬ್ಯಾಕ್ ವಿಲ್ ಹೋವರ್ಡ್ ತಾವೇ ಚೆಂಡು ಇಟ್ಟುಕೊಂಡು ಓಡುತ್ತಾರೆ. ಗಡಿಯಾರ ಓಡುತ್ತಲೇ ಇದೆ. ಮುಂದೆ ಓಟವೇ ಬರುತ್ತದೆ ಅಂತ ಇಡೀ ಸ್ಟೇಡಿಯಂಗೆ ಗೊತ್ತು, ಪೆನ್ ಸ್ಟೇಟ್‌ಗೂ ಗೊತ್ತು. ತಡೆಯಲು ಆಗಲಿಲ್ಲ. ಆ 5 ನಿಮಿಷ 13 ಸೆಕೆಂಡು ಪೂರ್ತಿ ಹಾಗೇ ಮುಗಿಯಿತು. ಪೆನ್ ಸ್ಟೇಟ್‌ಗೆ ಚೆಂಡು ಮತ್ತೆ ಸಿಗಲೇ ಇಲ್ಲ.

ಈ ಓಟಗಳಲ್ಲಿ ಮುಖ್ಯಾಂಶಗಳಿಗೆ ಹಾಕುವಂಥದ್ದು ಒಂದೂ ಇಲ್ಲ. ಟಚ್‌ಡೌನ್ ಇಲ್ಲ, ಉದ್ದದ ಓಟ ಇಲ್ಲ. ಆದರೆ ಆ ಸೀಸನ್‌ನಲ್ಲಿ ನಾನು ನೋಡಿದ ಅತಿ ಗಟ್ಟಿಯಾದ ಫುಟ್‌ಬಾಲ್ ಅದು.

ಹದಿಮೂರು ಸೆಕೆಂಡು

ಹೆಂಡರ್ಸನ್ ಬೆಲೆ ತಿಳಿಯಲು 2025ರ ಜನವರಿ 10ಕ್ಕೆ ಬನ್ನಿ. ಸೆಮಿಫೈನಲ್, ಎದುರಾಳಿ ಟೆಕ್ಸಸ್. ಅರ್ಧ ಆಟಕ್ಕೆ ಇನ್ನು 29 ಸೆಕೆಂಡು ಇರುವಾಗ ಟೆಕ್ಸಸ್ ಟಚ್‌ಡೌನ್ ಮಾಡಿ 7-7 ಸಮ ಮಾಡಿತು. ಇಂಥ ಹೊತ್ತಲ್ಲಿ ಎಷ್ಟೋ ತಂಡಗಳು ಮಂಡಿಯೂರಿ ಸಮಯ ಕಳೆದು ಒಳಗೆ ಹೋಗುತ್ತವೆ.

ಓಹಾಯೊ ಸ್ಟೇಟ್ ತನ್ನ 25 ಯಾರ್ಡ್ ಗೆರೆಯಿಂದ ಶುರು ಮಾಡಿತು. ಟೆಕ್ಸಸ್ ಜನ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರು. ಅವರು ನುಗ್ಗಲಿ ಅಂತಲೇ ಲೈನಿನವರು ಬಿಟ್ಟರು. ಹೋವರ್ಡ್ ಅವರ ತಲೆಯ ಮೇಲಿಂದ ಚೆಂಡನ್ನು ಮೆಲ್ಲಗೆ ಹಾಕಿದರು. ಇದಕ್ಕೆ ಸ್ಕ್ರೀನ್ ಪಾಸ್ ಅಂತಾರೆ. ಹೆಂಡರ್ಸನ್ ಹಿಡಿದರು, ತಿರುಗಿದರು. ಮುಂದೆ ಲೈನಿನ ದೊಡ್ಡ ಆಳುಗಳು ದಾರಿ ಮಾಡುತ್ತಾ ಓಡುತ್ತಿದ್ದಾರೆ. ಅವರ ಹಿಂದೆ ಒಂದು ಕ್ಷಣ ಕಾದರು. ಈ ಕಾಯುವುದನ್ನು ಗಮನಿಸಬೇಕು. ಅಷ್ಟು ವೇಗ ಇರುವವನಿಗೆ ಕಾಯುವುದು ಕಷ್ಟ. ಬ್ಲಾಕ್, ಅಂದರೆ ಲೈನಿನವರು ಎದುರಾಳಿಗಳನ್ನು ತಡೆಯುವುದು, ಸರಿಯಾಗಿ ಕೂತ ಮೇಲೆ ಕಾಲಿಗೆ ಕೆಲಸ ಕೊಟ್ಟರು. 75 ಯಾರ್ಡ್, ಯಾರೂ ಹತ್ತಿರ ಬರಲಿಲ್ಲ. ಅರ್ಧಕ್ಕೆ ಇನ್ನೂ ಹದಿಮೂರು ಸೆಕೆಂಡು ಇರುವಾಗಲೇ 14-7.

ಪಂದ್ಯ ಮುಗಿದಾಗ 28-14. ಆ ಪಂದ್ಯದಲ್ಲಿ ಜಡ್ಕಿನ್ಸ್‌ಗೂ ಎರಡು ಟಚ್‌ಡೌನ್. ಎರಡೂ ಗೆರೆಯ ಹತ್ತಿರದಿಂದ ಬಂದವು. ಒಬ್ಬರದು 75 ಯಾರ್ಡ್, ಇನ್ನೊಬ್ಬರದು ಒಂದು ಸಲ ಒಂಬತ್ತು ಯಾರ್ಡ್, ಇನ್ನೊಂದು ಸಲ ಬರೀ ಒಂದು. ಫಲಕದಲ್ಲಿ ಎರಡಕ್ಕೂ ಆರಾರು ಅಂಕವೇ, ಆಮೇಲಿನ ಒದೆತಕ್ಕೆ ಇನ್ನೊಂದು. ಇದಕ್ಕೂ ಮುಂಚೆ, ಜನವರಿ 1ರ ರೋಸ್ ಬೌಲ್ ಪಂದ್ಯದಲ್ಲಿ ಆರೆಗನ್ ವಿರುದ್ಧ ಹೆಂಡರ್ಸನ್ 66 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ್ದರು. ಆ ಪಂದ್ಯ ಒಂದು ಹಂತದಲ್ಲಿ 34-0 ಇತ್ತು, ಕೊನೆಗೆ 41-21.

ಅಂಕಿಯಲ್ಲಿ ಕಾಣದ ಇನ್ನೊಂದು ಕೆಲಸ ಹೆಂಡರ್ಸನ್ ಮಾಡುತ್ತಿದ್ದರು. ಪಾಸ್ ಹೊತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ಕಾಯುವ ಕೆಲಸ. ಎದುರಾಳಿಯೊಬ್ಬ ಲೈನ್ ತಪ್ಪಿಸಿ ಒಳಗೆ ಬಂದರೆ ರನ್ನಿಂಗ್ ಬ್ಯಾಕ್ ಅವನನ್ನು ತಡೆಯಬೇಕು. ಯಾರು ಬರುತ್ತಾನೆ ಅಂತ ಮೊದಲೇ ಓದಬೇಕು. ತನಗಿಂತ ಹದಿನೈದು, ಇಪ್ಪತ್ತು ಕೆಜಿ ಜಾಸ್ತಿ ಇರುವವನು ಓಡಿಬಂದು ಗುದ್ದುವಾಗ ಎದೆಯೊಡ್ಡಿ ನಿಲ್ಲಬೇಕು. ಇದಕ್ಕೆ ಯಾರ್ಡೂ ಇಲ್ಲ, ಅಂಕವೂ ಇಲ್ಲ. 92 ಕೆಜಿಯ ಹೆಂಡರ್ಸನ್ ಇದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದರೆಂದರೆ, ಎನ್‌ಎಫ್‌ಎಲ್ ಪರಿಣತರು ಅವರ ಬಗ್ಗೆ ಹೇಳುವಾಗ ಓಟದಷ್ಟೇ ಇದನ್ನೂ ಹೊಗಳುತ್ತಿದ್ದರು. ಕ್ಯಾಚ್‌ನಲ್ಲೂ ಅವರೇ ಮುಂದೆ: 27 ಕ್ಯಾಚ್, 284 ಯಾರ್ಡ್. ಜಡ್ಕಿನ್ಸ್ 22 ಕ್ಯಾಚ್, 161 ಯಾರ್ಡ್.

ಇಬ್ಬರೂ ಸೋತ ದಿನ

ನವೆಂಬರ್ 30ರ ಮಿಷಿಗನ್ ಪಂದ್ಯ ಬಿಟ್ಟು ಈ ಇಬ್ಬರ ಬಗ್ಗೆ ಬರೆದರೆ ಅರ್ಧ ಸತ್ಯ ಹೇಳಿದ ಹಾಗೆ. ಅವತ್ತು ಸ್ವಂತ ಊರು ಕೊಲಂಬಸ್‌ನಲ್ಲೇ 13-10ರಿಂದ ಸೋಲು. ಮಿಷಿಗನ್ ಕೈಯಲ್ಲಿ ಸತತ ನಾಲ್ಕನೇ ವರ್ಷದ ಸೋಲು. ಆ ಊರಲ್ಲಿ ಇದು ಮನೆಮನೆಯ ನೋವು. ಇಡೀ ತಂಡ 26 ಓಟದಲ್ಲಿ ಗಳಿಸಿದ್ದು 77 ಯಾರ್ಡ್. ಒಂದು ಓಟಕ್ಕೆ ಮೂರು ಯಾರ್ಡೂ ಪೂರ್ತಿ ಇಲ್ಲ.

ಅದೇ ಹೆಂಡರ್ಸನ್, ಅದೇ ಜಡ್ಕಿನ್ಸ್. ಏನಾಯಿತು? ಲೈನಿನ ಮಧ್ಯದ ಆಳು, ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಆ ತಿಂಗಳೇ ಹಿಮ್ಮಡಿಯ ನರ ಹರಿದು ಹೊರಗೆ ಹೋಗಿದ್ದರು. ಸಿಮನ್ಸ್ ಮೊದಲೇ ಇಲ್ಲ. ಎದುರಿಗೆ ಮಿಷಿಗನ್‌ನ ಮೇಸನ್ ಗ್ರಹಾಂ ಮತ್ತು ಕೆನೆತ್ ಗ್ರಾಂಟ್. ಮುಂದಿನ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಲ್ಲಿ, ಒಬ್ಬರು 5ನೇ, ಇನ್ನೊಬ್ಬರು 13ನೇ ಆಯ್ಕೆಯಾದವರು. ಅಂಥ ಗೋಡೆಗೆ ಓಹಾಯೊ ಸ್ಟೇಟ್ ಮತ್ತೆ ಮತ್ತೆ ಮಧ್ಯದಲ್ಲೇ ಹೋಗಿ ಡಿಕ್ಕಿ ಹೊಡೆಯಿತು. ಹೊರಗಡೆ ಜೆರಮಾಯ ಸ್ಮಿತ್, ಎಮೆಕಾ ಎಗ್ಬುಕಾ ಅವರಂಥ ರಿಸೀವರ್‌ಗಳು, ಅಂದರೆ ಪಾಸ್ ಹಿಡಿಯುವವರು, ಇದ್ದರೂ ಹಠ ಬಿಡಲಿಲ್ಲ. ಕೋಚ್ ರಯಾನ್ ಡೇ ಮೇಲೆ ಆ ವಾರ ಜನ ಸಿಟ್ಟಾಗಿದ್ದು ಸುಮ್ಮನೆ ಅಲ್ಲ.

ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ಸುತ್ತುಗಳಲ್ಲಿ ಅದೇ ತಂಡ ಆಟ ಬದಲಿಸಿತು. ಮೊದಲು ಚೆಂಡನ್ನು ದೂರ ಎಸೆಯಿತು. ಟೆನೆಸಿ ವಿರುದ್ಧ 42-17, ಆಮೇಲೆ ಆರೆಗನ್. ಸ್ಮಿತ್‌ಗೆ ಹೆದರಿ ಎದುರಾಳಿಗಳು ಹಿಂದೆ ಸರಿದರು. ಮಧ್ಯದಲ್ಲಿ ಜಾಗ ಬಿತ್ತು. ಓಟಗಾರರ ಕಾಲಿಗೆ ಜೀವ ಬಂತು. ಇಬ್ಬರು ಓಟಗಾರರನ್ನು ಹೋಲಿಸುವವರು ಲೈನ್ ಬಗ್ಗೆ ಮಾತೇ ಆಡದಿದ್ದರೆ ನನಗೆ ಅದಕ್ಕೇ ಬೇಜಾರು. ಎತ್ತು ಯಾವುದು ಒಳ್ಳೆಯದು ಅಂತ ಕೇಳುವವರು ನೆಲ ಹದ ಇದೆಯಾ ಅಂತಲೂ ಕೇಳಬೇಕಲ್ಲ.

ಹಂಚಿಕೊಂಡಿದ್ದರಿಂದ ಯಾರಿಗೆ ಲಾಭ?

ಈ ಭಾಗ ನನಗೆ ತುಂಬ ಮುಖ್ಯ. ಓಹಾಯೊ ಸ್ಟೇಟ್ ಆ ಸೀಸನ್‌ನಲ್ಲಿ 16 ಪಂದ್ಯ ಆಡಿತು. ಪ್ಲೇಆಫ್‌ಗೆ ಹನ್ನೆರಡು ತಂಡ ಬಂದ ಮೊದಲ ವರ್ಷ ಅದು, ಹಾಗಾಗಿ ಸೀಸನ್ ಉದ್ದವಾಯಿತು. ಪಂದ್ಯಕ್ಕೆ ಜಡ್ಕಿನ್ಸ್‌ಗೆ ಸರಾಸರಿ 12 ಓಟ, ಹೆಂಡರ್ಸನ್‌ಗೆ 9. ಓಲ್ ಮಿಸ್‌ನಲ್ಲಿ ಜಡ್ಕಿನ್ಸ್ ಪಂದ್ಯಕ್ಕೆ 21 ಸಲ ಓಡುತ್ತಿದ್ದರು ಅನ್ನುವುದನ್ನು ನೆನಪಿಡಿ. ಅದೇ ವರ್ಷ ಬೋಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ ಒಬ್ಬರೇ 374 ಸಲ ಓಡಿ 2,601 ಯಾರ್ಡ್ ಗಳಿಸಿದರು. ಪಂದ್ಯಕ್ಕೆ ಸುಮಾರು 27 ಓಟ. ಅದೊಂದು ಅದ್ಭುತ. ಆದರೆ ಎಲ್ಲರ ಮೈಗೂ ಅದು ಒಗ್ಗುವುದಿಲ್ಲ.

ಹೊರೆ ಇಳಿದ ಮೇಲೆ ಏನಾಯಿತು? ಜಡ್ಕಿನ್ಸ್ ಸರಾಸರಿ 4.3ರಿಂದ 5.5ಕ್ಕೆ ಏರಿತು. ಹೆಂಡರ್ಸನ್ ಸರಾಸರಿ 5.9ರಿಂದ 7.1ಕ್ಕೆ ಏರಿತು. ಎರಡು ವರ್ಷ ಗಾಯದಿಂದ ಪಂದ್ಯ ತಪ್ಪಿಸಿಕೊಂಡಿದ್ದ ಹೆಂಡರ್ಸನ್ 16 ಪಂದ್ಯವನ್ನೂ ಆಡಿದರು. ಜನವರಿಯಲ್ಲಿ, ಎಲ್ಲರ ಕಾಲೂ ಭಾರವಾಗುವ ಹೊತ್ತಿಗೆ, 66, 75, 70 ಯಾರ್ಡಿನ ಆಟಗಳು ಈ ಇಬ್ಬರಿಂದಲೇ ಬಂದವು. ಇದನ್ನು ಕಾಕತಾಳೀಯ ಅಂತ ನಾನು ನಂಬುವುದಿಲ್ಲ.

ಈಗ ಇಡೀ ಕಾಲೇಜು ಜೀವನದ ಲೆಕ್ಕ ನೋಡಿ. ಜಡ್ಕಿನ್ಸ್ ಮೂರು ವರ್ಷದಲ್ಲಿ 3,785 ಯಾರ್ಡ್, 45 ಟಚ್‌ಡೌನ್. ಹೆಂಡರ್ಸನ್ ನಾಲ್ಕು ವರ್ಷದಲ್ಲಿ 3,761 ಯಾರ್ಡ್, 42 ಟಚ್‌ಡೌನ್. ವ್ಯತ್ಯಾಸ ಬರೀ 24 ಯಾರ್ಡ್! ಆದರೆ ಒಬ್ಬರು ಓಡಿದ್ದು 739 ಸಲ, ಇನ್ನೊಬ್ಬರು 590. ಆ 149 ಓಟ ಅಂದರೆ ಹೆಚ್ಚುಕಮ್ಮಿ ಅಷ್ಟೇ ಸಲ ನೆಲಕ್ಕೆ ಬೀಳುವುದು.

ಹಾಗಾದರೆ ನನ್ನ ತೀರ್ಪು? ಒಬ್ಬರನ್ನೇ ಆರಿಸಬೇಕು, ಮುಂದಿನ ಡೌನ್ ಯಾವ ಬಗೆಯದು ಅಂತ ಗೊತ್ತಿಲ್ಲ ಅಂದರೆ ನಾನು ಹೆಂಡರ್ಸನ್ ಅಂತೀನಿ. ಓಡುತ್ತಾರೆ, ಹಿಡಿಯುತ್ತಾರೆ, ತಡೆಯುತ್ತಾರೆ. ಅವರು ಮೈದಾನದಲ್ಲಿ ನಿಂತರೆ ಮುಂದೆ ಬರುವುದು ಓಟವೋ ಪಾಸೋ ಅಂತ ಎದುರಾಳಿಗೆ ಸುಳಿವು ಸಿಗುವುದಿಲ್ಲ. ಆದರೆ ಬೇಕಿರುವುದು ಎರಡೇ ಯಾರ್ಡ್, ಅದು ಸಿಗದಿದ್ದರೆ ಪಂದ್ಯವೇ ಹೋಯಿತು ಅಂದರೆ ಜಡ್ಕಿನ್ಸ್. ಅಲ್ಲಿ ನಾನು ಯೋಚನೆಯನ್ನೂ ಮಾಡುವುದಿಲ್ಲ.

ಇಂಥ ಜೋಡಿ ಇನ್ನು ಸಿಗುತ್ತದಾ?

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದು. 2024ರ ಏಪ್ರಿಲ್‌ನಿಂದ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ, ಒಂದು ವರ್ಷ ಕಾಯದೆ ಆಡಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಕಾಲೇಜುಗಳೇ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ತಮ್ಮ ಆಟಗಾರರಿಗೆ ಹಂಚಬಹುದಿತ್ತು. ಅದು ಎಲ್ಲ ಆಟಗಳಿಗೂ ಸೇರಿದ ಮಿತಿ. 2024ರ ಓಹಾಯೊ ಸ್ಟೇಟ್ ಫುಟ್‌ಬಾಲ್ ತಂಡ ಒಂದಕ್ಕೇ ಸುಮಾರು 2 ಕೋಟಿ ಡಾಲರ್ ಸಂದಿತ್ತು ಅಂತ ಅಲ್ಲಿನ ಕ್ರೀಡಾ ನಿರ್ದೇಶಕರೇ ಹೇಳಿದ್ದರು.

ಇದರಿಂದ ಓಟಗಾರನ ಲೆಕ್ಕವೇ ಬದಲಾಯಿತು. ಜಡ್ಕಿನ್ಸ್ ಕೊಲಂಬಸ್‌ಗೆ ಬರಲು ಆದದ್ದು 2021ರಲ್ಲೇ ಬಂದ, ಒಂದು ಸಲ ಕಾಯದೆ ಕಾಲೇಜು ಬದಲಿಸಬಹುದೆಂಬ ನಿಯಮದಿಂದ. ಮುಂದೆ ಇಂಥ ಜೋಡಿ ಒಡೆಯುವುದೂ ಇಂಥ ನಿಯಮಗಳಿಂದಲೇ. ಎರಡನೇ ಓಟಗಾರನಿಗೆ ಬೇರೆ ತಂಡ ಜಾಸ್ತಿ ಹಣ, ಜಾಸ್ತಿ ಚೆಂಡು ಎರಡನ್ನೂ ಕೊಡುತ್ತೇನೆ ಅಂದರೆ ಅವನೇಕೆ ಉಳಿಯಬೇಕು? ಉಳಿಯಲೇಬೇಕು ಅಂತ ಹೇಳುವ ಹಕ್ಕು ನಮಗಿಲ್ಲ. ಅವನ ಮೈ, ಅವನ ಕಾಲು, ಅವನಿಗಿರುವ ನಾಲ್ಕೈದು ವರ್ಷ.

ಹೆಂಡರ್ಸನ್ ಮಾಡಿದ್ದು ದೊಡ್ಡದು ಅಂತ ನನಗೆ ಅನಿಸುವುದು ಅದಕ್ಕೇ. ಮೂರು ವರ್ಷದಿಂದ ಆ ತಂಡದ ಮೊದಲ ಓಟಗಾರ. ಕೊನೆಯ ವರ್ಷ, ಎನ್‌ಎಫ್‌ಎಲ್ ಕಣ್ಣು ತನ್ನ ಮೇಲೆ ಇರುವಾಗ, ಹೊಸದಾಗಿ ಬಂದವರಿಗೆ ತನಗಿಂತ 50 ಓಟ ಜಾಸ್ತಿ ಹೋಯಿತು. ಅವರು ಬಿಟ್ಟು ಹೋಗಲಿಲ್ಲ. ಜಡ್ಕಿನ್ಸ್ ಕೂಡ ಒಂದು ತಂಡದ ರಾಜನಾಗಿದ್ದವರು, ಇಲ್ಲಿ ಬಂದು ಅರ್ಧ ಕೆಲಸ ಒಪ್ಪಿಕೊಂಡರು. ಪೆನ್ ಸ್ಟೇಟ್‌ನಲ್ಲಿ ನಿಕೊಲಸ್ ಸಿಂಗಲ್ಟನ್ ಮತ್ತು ಕೇಟ್ರನ್ ಆಲೆನ್ 2022ರಲ್ಲಿ ಒಟ್ಟಿಗೆ ಬಂದವರು. 2024ರಲ್ಲಿ ಇಬ್ಬರೂ ಸಾವಿರ ಯಾರ್ಡ್ ದಾಟಿದರು. 2025ಕ್ಕೂ ಇಬ್ಬರೂ ಒಟ್ಟಿಗೇ ಉಳಿದರು. ಹೀಗೆ ಉಳಿಯುವವರು ಇನ್ನೂ ಇದ್ದಾರೆ.

ಹಿಂದಿನ ಒಂದು ಜೋಡಿಯನ್ನು ಇಲ್ಲಿ ನೆನೆಯಲೇಬೇಕು. 2017ರ ಜಾರ್ಜಿಯಾ ತಂಡದ ನಿಕ್ ಚಬ್ ಮತ್ತು ಸೋನಿ ಮಿಶೆಲ್. ಚಬ್ 223 ಓಟ, 1,345 ಯಾರ್ಡ್. ಮಿಶೆಲ್ 156 ಓಟ, 1,227 ಯಾರ್ಡ್. ಒಬ್ಬರಿಗೆ ಜಾಸ್ತಿ ಓಟ, ಇನ್ನೊಬ್ಬರಿಗೆ ಜಾಸ್ತಿ ಸರಾಸರಿ. ಥೇಟ್ ಜಡ್ಕಿನ್ಸ್ ಮತ್ತು ಹೆಂಡರ್ಸನ್ ಹಾಗೇ. 2018ರ ರೋಸ್ ಬೌಲ್‌ನಲ್ಲಿ ಓಕ್ಲಹೋಮಾ ವಿರುದ್ಧ ಚಬ್ 145, ಮಿಶೆಲ್ 181 ಯಾರ್ಡ್ ಓಡಿದರು. ಮಿಶೆಲ್ ಕೈಯಿಂದ ಕೊನೆಯ ಭಾಗದಲ್ಲಿ ಚೆಂಡು ಜಾರಿ ಎದುರಾಳಿಗೆ ಟಚ್‌ಡೌನ್ ಆಗಿತ್ತು. ಎರಡನೇ ಹೆಚ್ಚುವರಿ ಅವಧಿಯಲ್ಲಿ ಅದೇ ಮಿಶೆಲ್ 27 ಯಾರ್ಡ್ ಓಡಿ 54-48ರಿಂದ ಗೆಲ್ಲಿಸಿದರು. ಫೈನಲ್‌ನಲ್ಲಿ ಮಾತ್ರ ಅಲಬಾಮಾ ಕೈಯಲ್ಲಿ 26-23ರ ಸೋಲು. ಆಡಿದ ಜಾಗ? ಅಟ್ಲಾಂಟಾದ ಅದೇ ಮರ್ಸಿಡಿಸ್ ಬೆಂಜ್ ಸ್ಟೇಡಿಯಂ.

ಆ ವರ್ಷದ ಡ್ರಾಫ್ಟ್‌ನಲ್ಲಿ ಮಿಶೆಲ್ 31ನೇ ಆಯ್ಕೆಯಾಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಹೋದರು. ಚಬ್ 35ನೇ ಆಯ್ಕೆಯಾಗಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ಗೆ.

ಏಳು ವರ್ಷದ ನಂತರ, 2025ರ ಏಪ್ರಿಲ್ 25ರ ಶುಕ್ರವಾರ ಸಂಜೆ, ಗ್ರೀನ್ ಬೇಯಲ್ಲಿ ಎರಡನೇ ಸುತ್ತಿನ ಹೆಸರು ಕೂಗುತ್ತಿದ್ದರು. 36ನೇ ಆಯ್ಕೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ದು: ಕ್ವಿನ್‌ಶಾನ್ ಜಡ್ಕಿನ್ಸ್. 38ನೇ ಆಯ್ಕೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ದು: ಟ್ರೆವಿಯೊನ್ ಹೆಂಡರ್ಸನ್. ಒಂದಿಡೀ ವರ್ಷ ಜನ ವಾದ ಮಾಡಿದ ಈ ಇಬ್ಬರ ನಡುವೆ ಎನ್‌ಎಫ್‌ಎಲ್ ಕಂಡ ಅಂತರ ಇಷ್ಟೇ, ನಡುವೆ ಇನ್ನೊಬ್ಬ ಆಟಗಾರ. ಆ 37ನೆಯವರು ಅರಿಜೋನಾ ವಿಶ್ವವಿದ್ಯಾಲಯದ ಜೋನಾ ಸವಾಯಿನೇಯಾ. ಮಯಾಮಿ ಡಾಲ್ಫಿನ್ಸ್ ತಂಡ ಅವರನ್ನು ಆರಿಸಿಕೊಂಡಿತು. ಅವರು ಆಫೆನ್ಸಿವ್ ಲೈನಿನ ಗಾರ್ಡ್. ಓಟಗಾರರಿಗೆ ದಾರಿ ಮಾಡಿಕೊಡುವುದು ಅವರ ಕೆಲಸ.